ಪ್ರತಿ ಜೂನ್‌ನಲ್ಲಿ ಗಿರವಿಗೆ ಹೋಗುತ್ತಿದ್ದ ಸರ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಜುಲೈ ಮೊದಲ ವಾರ ಗಿರಿಜಾ ನಮ್ಮ ಆರ್ಥಿಕ ಸಾಕ್ಷರತಾ ಕೇಂದ್ರಕ್ಕೆ ಬಂದಾಗ ಅವರ ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲವಿತ್ತು. ಅದರ ತುಂಬ ಗಿರವಿ ರಸೀದಿಗಳು. ವಯಸ್ಸು 36. ಗಂಡ ಮಂಜಣ್ಣ ಸ್ವಂತ ಆಟೊ ಓಡಿಸುತ್ತಾರೆ. ಮಗ ಏಳನೇ ತರಗತಿ, ಮಗಳು ಮೂರನೇ ತರಗತಿ. ಗಿರಿಜಾ ಮನೆಯಲ್ಲೇ ಸೀರೆಗಳಿಗೆ ಫಾಲ್ ಹೊಲಿದು, ಕುಚ್ಚು ಕಟ್ಟಿ ಅಷ್ಟಿಷ್ಟು ಸಂಪಾದಿಸುತ್ತಾರೆ.

"ಇವರ ದುಡಿಮೆ ಎಲ್ಲಿ ಹೋಗುತ್ತದೆಯೋ ಗೊತ್ತಾಗುವುದಿಲ್ಲ ಮೇಡಂ. ಸ್ಟ್ಯಾಂಡಿನಲ್ಲಿ ಟೀ, ಎಲೆ ಅಡಿಕೆ, ಸ್ನೇಹಿತರಿಗೆ ಕೈಗಡ. ನೀವೇ ಕರೆದು ಬುದ್ಧಿ ಹೇಳಿ" ಎಂದರು.

ಎದುರಿಗಿಲ್ಲದವರಿಗೆ ಬುದ್ಧಿ ಹೇಳುವ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಇಬ್ಬರೂ ಒಟ್ಟಿಗೆ ಬನ್ನಿ ಎಂದೆ. ಮುಂದಿನ ಸೋಮವಾರ ಬಂದರು. ಮಂಜಣ್ಣನ ದೂರು ಬೇರೆಯೇ ಇತ್ತು: "ಹಬ್ಬ, ಸೀರೆ, ತವರಿನ ಮದುವೆಗಳಿಗೆ ಲೆಕ್ಕವೇ ಇಲ್ಲ."

ನಾನು ಇಬ್ಬರ ದೂರನ್ನೂ ಬದಿಗಿಟ್ಟು ರಸೀದಿಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಹರಡಿದೆ. ನಾಲ್ಕು ವರ್ಷದ ನಾಲ್ಕು ಸಾಲ. ಪ್ರತಿಯೊಂದರಲ್ಲೂ ಅದೇ ಎರಡೆಳೆ ಸರ, ಅದೇ 18 ಗ್ರಾಂ, ಅದೇ 40,000 ರೂಪಾಯಿ. ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ. ಅಡವಿಟ್ಟದ್ದು ಪ್ರತಿ ವರ್ಷ ಜೂನ್ ಮೊದಲ ಪಕ್ಷ, ಬಿಡಿಸಿಕೊಂಡದ್ದು ಫೆಬ್ರುವರಿ. ಮಂಜಣ್ಣ ಬೆರಳಿಟ್ಟು ತಾರೀಖುಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಮೆಲ್ಲಗೆ, "ಸ್ಕೂಲು ಶುರುವಾಗುವ ವಾರ. ಆಟೊ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ಇನ್ಶೂರೆನ್ಸ್ ಕೂಡ ಆಗಲೇ ಬರುತ್ತವೆ" ಎಂದರು.

ಮಕ್ಕಳ ಶುಲ್ಕ, ಪುಸ್ತಕ, ಸಮವಸ್ತ್ರಕ್ಕೆ 24,000. ಆಟೊಗೆ 16,000. ಟೀಯೂ ಅಲ್ಲ, ಸೀರೆಯೂ ಅಲ್ಲ. ಜೂನ್‌ನಲ್ಲಿ ಬಂದೇ ಬರುತ್ತದೆ ಎಂದು ಜನವರಿಯಲ್ಲೇ ಗೊತ್ತಿರುವ ಖರ್ಚು ಪ್ರತಿ ವರ್ಷವೂ ಆಪತ್ತಿನಂತೆ ಮನೆಗೆ ನುಗ್ಗುತ್ತಿತ್ತು. ನನ್ನ ಬಳಿ ಬರುವ ಕುಟುಂಬಗಳಲ್ಲಿ ದುಂದುವೆಚ್ಚಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಇದಕ್ಕಾಗಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ದೂರಿಕೊಂಡು ವರ್ಷಗಟ್ಟಲೆ ನೋಯುವುದನ್ನು ಕಂಡಾಗ ಸಂಕಟವಾಗುತ್ತದೆ.

ಅದೇ ರಸೀದಿಗಳಲ್ಲಿ ಇನ್ನೊಂದು ಸಂಗತಿಯೂ ಇತ್ತು. ಅಸಲನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತಿದ್ದರೂ ವರ್ಷಕ್ಕೆ ಬಡ್ಡಿಯೇ ಸುಮಾರು 5,400. ಅಸಲು ಸೇರಿಸಿದರೆ ಎಂಟು ತಿಂಗಳಲ್ಲಿ ಇವರು 45,400 ರೂಪಾಯಿ ಕಟ್ಟಿದ್ದಾರೆ. ಅಂದರೆ ತಿಂಗಳಿಗೆ 5,700ರ ಹತ್ತಿರ. "ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ" ಎನ್ನುತ್ತಿದ್ದ ಗಿರಿಜಾಗೆ ಆ ಅಂಕಿಯನ್ನು ಬರೆದು ತೋರಿಸಿದೆ. "ಉಳಿಸುವ ಶಕ್ತಿ ನಿಮಗಿದೆ ಅಮ್ಮಾ. ಖರ್ಚಾದ ಮೇಲೆ ಉಳಿಸುತ್ತಿದ್ದೀರಿ, ಅದಕ್ಕೆ ಬಡ್ಡಿ ಬೀಳುತ್ತಿದೆ." ಅವರು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತ ಕುಳಿತರು.

ಮೊದಲ ಸಲಹೆ ಸಾಲದ ಬಗ್ಗೆ. ಈ ಜೂನ್‌ನಲ್ಲೂ ಸರ ಗಿರವಿಗೆ ಹೋಗಿತ್ತು. ಭಾವನಿಂದ ಒಂದು ದಿನದ ಮಟ್ಟಿಗೆ ಕೈಗಡ ಪಡೆದು ಅದನ್ನು ಬಿಡಿಸಿ, ಬ್ಯಾಂಕಿನಲ್ಲಿ ಇಡಿಸಿದೆವು. ಅಲ್ಲಿ ಬಡ್ಡಿ ಅರ್ಧಕ್ಕೂ ಕಡಿಮೆ.

ಎರಡನೆಯದು ದಿನದ ಅಭ್ಯಾಸ. ಮಂಜಣ್ಣನ ಕೈಗೆ ಹಣ ದಿನವೂ ಬರುತ್ತದೆ. ಅಂಥವರಿಗೆ ತಿಂಗಳ ಕೊನೆಯಲ್ಲಿ ಉಳಿಸಿ ಎಂದರೆ ನಡೆಯುವುದಿಲ್ಲ. ಆಟೊ ನಿಲ್ಲಿಸಿ ಒಳಗೆ ಬಂದವರೇ, ಕೈಕಾಲು ತೊಳೆಯುವ ಮೊದಲು, ದೇವರ ಗೂಡಿನ ಪಕ್ಕದ ಸ್ಟೀಲ್ ಡಬ್ಬಿಗೆ 150 ರೂಪಾಯಿ ಹಾಕಬೇಕು. 26 ದಿನಕ್ಕೆ 3,900. ಕುಚ್ಚಿನ ಹಣ ಮತ್ತು ಗೃಹಲಕ್ಷ್ಮಿಯಿಂದ ಗಿರಿಜಾ 1,800 ಸೇರಿಸಬೇಕು. ಪ್ರತಿ ಸೋಮವಾರ ಗಿರಿಜಾ ಅದನ್ನು ಸಾಲದ ಖಾತೆಗೆ ಕಟ್ಟಬೇಕು. ಟೀ ಬಿಡಿ ಎಂದು ನಾನು ಹೇಳಲಿಲ್ಲ. ದಿನಕ್ಕೆ ಹನ್ನೆರಡು ಗಂಟೆ ಹೊಗೆ, ಧೂಳಿನಲ್ಲಿ ದುಡಿಯುವ ಮನುಷ್ಯನಿಗೆ ಸ್ಟ್ಯಾಂಡಿನ ಟೀ ಎಂದರೆ ಅದು ಅವನ ವಿಶ್ರಾಂತಿಯೂ ಹೌದು.

ಮೂರನೆಯದನ್ನೇ ನಾನು ಹೆಚ್ಚು ಒತ್ತಿ ಹೇಳಿದೆ. ಸರ ಮನೆಗೆ ಬಂದ ದಿನ ಕಂತು ನಿಲ್ಲಬಾರದು. ನಾಲ್ಕು ವರ್ಷವೂ ಫೆಬ್ರುವರಿಯಲ್ಲಿ ಇವರು "ಅಬ್ಬಾ, ಮುಗಿಯಿತು" ಎಂದು ನಿಟ್ಟುಸಿರು ಬಿಟ್ಟಿದ್ದರು. ಮೇ ಮುಗಿಯುವಷ್ಟರಲ್ಲಿ ಕೈ ಬರಿದಾಗುತ್ತಿತ್ತು. ಹಾಗಾಗಿ ಸಾಲ ತೀರಿದ ಮರುದಿನದಿಂದ ಅದೇ 150 ಪಿಗ್ಮಿಗೆ ಹೋಗಬೇಕು. ಪಿಗ್ಮಿ ನಮ್ಮ ನಾಡಿನಲ್ಲೇ ಬೆಳೆದ ಪದ್ಧತಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲೇ ಸಂಗ್ರಹಿಸಲು ಆರಂಭಿಸಿತು. ಬಡ್ಡಿ ಕಡಿಮೆ, ಅವಧಿಗೆ ಮೊದಲೇ ತೆಗೆದರೆ ಕಡಿತವೂ ಇರುತ್ತದೆ, ಇದನ್ನು ಮುಚ್ಚಿಡಲಿಲ್ಲ. ಆದರೆ ಏಜೆಂಟರು ಸ್ಟ್ಯಾಂಡಿಗೇ ಬರುತ್ತಾರೆ, ಹಣ ಮನೆ ತಲುಪುವ ಮೊದಲೇ ಉಳಿತಾಯವಾಗುತ್ತದೆ. ಎಲ್ಲಿ ಕಟ್ಟುತ್ತೀರಿ ಎಂದು ಮಾತ್ರ ವಿಚಾರಿಸಿಕೊಳ್ಳಿ ಎಂದೆ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲಿಯೂ, 5 ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಆ ರಕ್ಷಣೆ ಇಲ್ಲ. ದಿನವೂ ಚೀಟಿ ಪಡೆದು ಮೊತ್ತ ನೋಡಿಕೊಳ್ಳಬೇಕು.

ಮನೆಯ ಭಾರವೆಲ್ಲ ರಸ್ತೆಯಲ್ಲಿ ದುಡಿಯುವ ಒಬ್ಬರ ಮೇಲಿದ್ದುದರಿಂದ ವಿಮೆಯ ಮಾತನ್ನೂ ಅಂದೇ ಮುಗಿಸಿದೆವು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತಕ್ಕೆ, 436ರ ಜೀವನ್ ಜ್ಯೋತಿ ಯಾವ ಕಾರಣದ ಸಾವಿಗೂ, ತಲಾ 2 ಲಕ್ಷ. ಮೇ ಕೊನೆಗೆ ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ನವೀಕರಣ ತಪ್ಪಿಹೋಗುತ್ತದೆ ಎಂದು ಗಿರಿಜಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.

ಅಕ್ಟೋಬರ್‌ನಲ್ಲಿ ಮಗನಿಗೆ ಡೆಂಗಿ ಬಂತು. ಸಾಲಕ್ಕೆ ಕಟ್ಟಬೇಕಿದ್ದ ಹಣದಲ್ಲಿ 4,500 ಆಸ್ಪತ್ರೆಗೆ ಹೋಯಿತು. ಗಿರಿಜಾ ಫೋನ್ ಮಾಡಿ, "ಎಲ್ಲ ಹಾಳಾಯಿತು ಮೇಡಂ" ಎಂದು ಅತ್ತರು. ಆಸ್ಪತ್ರೆಗೆಂದು ಯಾರ ಮುಂದೆಯೂ ಕೈಚಾಚದ ಮೊದಲ ಸಲ ಇದು ಎಂದು ನೆನಪಿಸಿದೆ.

ಸರ ಮಾರ್ಚ್ ಹೊತ್ತಿಗೆ ಬಂತು. ಪಿಗ್ಮಿ ಶುರುವಾಯಿತು. ಆದರೂ ಜೂನ್‌ನಲ್ಲಿ ಕೈಯಲ್ಲಿದ್ದದ್ದು ಸುಮಾರು 16,700. ಸರ ಮತ್ತೆ ಅಡಮಾನಕ್ಕೆ ಹೋಯಿತು. ಗಿರಿಜಾ ತಲೆ ಎತ್ತದೆ ಕುಳಿತಿದ್ದರು. ಈ ಸಲದ ಸಾಲ 24,000 ಮಾತ್ರ. ಕಂತು ತಪ್ಪದಿದ್ದರೆ ಅಕ್ಟೋಬರ್ ಕೊನೆಗೆ ತೀರುತ್ತದೆ, ನವೆಂಬರ್‌ನಿಂದ ಮೇವರೆಗೆ ಏಳು ತಿಂಗಳಿಗೆ 39,900 ಕೂಡುತ್ತದೆ ಎಂದು ಮೂವರೂ ಸೇರಿ ಲೆಕ್ಕ ಹಾಕಿದೆವು. ಸಾಲ ಅಷ್ಟರೊಳಗೆ ತೀರಿತು.

ನವೆಂಬರ್‌ನಲ್ಲಿ ಇಬ್ಬರೂ ಬಂದಾಗ ಗಿರಿಜಾ ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದೇ ಎಂದು ಕೇಳಿದರು. ಹತ್ತು ತುಂಬುವ ಮೊದಲೇ ತೆರೆಯಬೇಕು, ವರ್ಷಕ್ಕೆ 250 ಕಟ್ಟಿದರೂ ಖಾತೆ ನಡೆಯುತ್ತದೆ, ಈಗ ಅಷ್ಟೇ ಸಾಕು ಎಂದೆ. ಶಾಲೆಯ ಶುಲ್ಕ ಮುಂದಿನ ವರ್ಷ 2,000 ಹೆಚ್ಚಂತೆ. ಅದಕ್ಕೂ ಲೆಕ್ಕ ಮಾಡಿಕೊಂಡೇ ಬಂದಿದ್ದರು: ಏಳು ತಿಂಗಳು, ದಿನಕ್ಕೆ 12 ರೂಪಾಯಿ.

"165 ಮಾಡಿಬಿಡೋಣ" ಎಂದು ಮಂಜಣ್ಣ ಪಿಗ್ಮಿ ಏಜೆಂಟರಿಗೆ ಅಲ್ಲಿಂದಲೇ ಫೋನ್ ಮಾಡಿದರು.