ಬೆಲ್ಲದ ಗಾಣದ ಹೊಸ ಒಲೆಗೆ ಪೇಟೆಂಟ್ ಸಿಗುತ್ತದೆಯೇ?

ನೀವು ಮುಧೋಳದವರು. ಗಾಣದ ಒಲೆಗೆ ಗಾಳಿ ಹೋಗುವ ದಾರಿ ಬದಲಿಸಿದ್ದೀರಿ, ಕಬ್ಬಿನ ಸಿಪ್ಪೆ ಉಳಿಯುತ್ತಿದೆ, ಹೊಗೆಯೂ ತಗ್ಗಿದೆ. ಒಕ್ಕಲುತನದ ವಸ್ತು ಅಂತ ಪೇಟೆಂಟ್ ಕೊಡದೆ ಕಳಿಸುತ್ತಾರಾ, ಪರಿಸರಸ್ನೇಹಿ ಅಂತ ಬೇಗ ಕೊಡುತ್ತಾರಾ ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ಹೆದರಬೇಡಿ. 1970ರ ಪೇಟೆಂಟ್ ಕಾಯ್ದೆಯ ಕಲಂ 3(ಎಚ್) ತಡೆಯುವುದು ಬೇಸಾಯದ ವಿಧಾನವನ್ನು. ಕಬ್ಬಿನ ಹಾಲು ಕುದಿಸುವ ಒಲೆ ಒಂದು ಸಾಧನ. ಎರಡನೆಯದಕ್ಕೆ ಉತ್ತರ, ಇಲ್ಲ. ಪರಿಸರಕ್ಕೆ ಗಂಭೀರ ಹಾನಿ ಮಾಡುವಂಥದ್ದಕ್ಕೆ 3(ಬಿ) ಪ್ರಕಾರ ಪೇಟೆಂಟ್ ಇಲ್ಲ ಖರೆ, ಆದರೆ ಒಳ್ಳೆಯದು ಮಾಡಿದ್ದಕ್ಕೆ ಬೇರೆ ಸಾಲು ಇಲ್ಲ. ಕಚೇರಿಯವರು ಅರ್ಜಿಯನ್ನು ಬೇಗ ಪರೀಕ್ಷಿಸಲಿ ಎಂದು ಕೇಳಲು ಫಾರ್ಮ್ 18ಎ ಇದೆ. ಉದ್ಯಮ್ ಪ್ರಮಾಣಪತ್ರವಿರುವ ಸಣ್ಣ ಘಟಕವಾಗಿಯೋ, ಮಹಿಳೆ ಅರ್ಜಿದಾರರಾಗಿಯೋ ಕೇಳಬಹುದು. ಶುಲ್ಕ 8000 ರೂಪಾಯಿ.

ಅರ್ಜಿ ಸೋಲುವುದು ಬೇರೆ ಕಡೆ. "ಸಿಪ್ಪೆ ಉಳಿಯುತ್ತದೆ" ಅನ್ನುವುದು ಫಲ, ಆವಿಷ್ಕಾರವಲ್ಲ. ಸಾಲಾಗಿ ಎರಡು ಮೂರು ಕಡಾಯಿ ಇಡುವುದು, ಹೊರಹೋಗುವ ಬಿಸಿ ಹೊಗೆಯಿಂದ ಹಾಲು ಕಾಯಿಸುವುದು, ಜಾಲರಿ ಕೆಳಗಿಂದ ಗಾಳಿ ಊದುವುದು ಎಲ್ಲ ಹಳೆಯವು. ಇವನ್ನೇ ಪಕ್ಕಪಕ್ಕ ಜೋಡಿಸಿದರೆ 3(ಎಫ್) ತಕರಾರು ಬರುತ್ತದೆ. ನಿಮ್ಮ ಹಕ್ಕೊತ್ತಾಯದಲ್ಲಿ, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಬರೆಯುವ ಭಾಗದಲ್ಲಿ, ರಚನೆ ಇರಬೇಕು: ಗಾಳಿಕೊಳವೆ ಹೊಗೆನಾಳದ ಯಾವ ಭಾಗ ಸುತ್ತಿ ಬರುತ್ತದೆ, ಜಾಲರಿಗೂ ಕಡಾಯಿ ತಳಕ್ಕೂ ಅಂತರವೆಷ್ಟು, ತಟ್ಟೆಬಾಗಿಲು ಎಲ್ಲಿ, ಅಲ್ಲೇ ಯಾಕೆ. ಹಳೆ ಒಲೆಯಲ್ಲಿ 10 ಕುದಿ, ಹೊಸದರಲ್ಲಿ 10 ಕುದಿ ಮಾಡಿ; ಪ್ರತಿ ಸಲ ಸಿಪ್ಪೆ ತೂಗಿ, ಹಾಲು ಅಳೆದು, ಚಿಮಣಿ ಬುಡದ ಉಷ್ಣತೆ ಬರೆದಿಡಿ. ಎರಡಕ್ಕೂ ಒಂದೇ ಹದಕ್ಕೆ ಒಣಗಿದ ಸಿಪ್ಪೆ ಬಳಸಿ. ಹಸಿ ಸಿಪ್ಪೆಯ ನೀರು ಆರಿಸಲಿಕ್ಕೇ ಶಾಖ ಹೋಗಿ ಲೆಕ್ಕ ಕೆಡುತ್ತದೆ.

ಅರ್ಜಿ ಹಾಕುವವರೆಗೆ ವಾಟ್ಸಾಪ್ ವಿಡಿಯೋ ಬೇಡ, ಕೃಷಿಮೇಳವೂ ಬೇಡ; ಮೊದಲೇ ಬಯಲಾದರೆ ಅದು ಹೊಸದು ಅನ್ನಿಸಿಕೊಳ್ಳುವುದಿಲ್ಲ. ಮೇಳದಲ್ಲಿ ತೋರಿಸಿದ್ದಕ್ಕೆ 12 ತಿಂಗಳ ವಿನಾಯಿತಿ ಇದೆ. ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಕ್ಕೆ ಮಾತ್ರ.

ಕರ್ನಾಟಕದ ಅರ್ಜಿ ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ, ಆನ್‌ಲೈನ್‌ನಲ್ಲಿ ಹಾಕಬಹುದು. ಮೊದಲು ಫಾರ್ಮ್ 1 ಮತ್ತು 2ರ ಜತೆ ತಾತ್ಕಾಲಿಕ ವಿವರಣೆ, ವ್ಯಕ್ತಿಗೆ 1600 ರೂಪಾಯಿ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಪರೀಕ್ಷೆಗೆ ಫಾರ್ಮ್ 18, 4000 ರೂಪಾಯಿ, ತಾತ್ಕಾಲಿಕ ಅರ್ಜಿಯ ತಾರೀಖಿನಿಂದ 31 ತಿಂಗಳೊಳಗೆ. ತಾತ್ಕಾಲಿಕದಲ್ಲಿ ಬರೆಯದ ಅಂಶಕ್ಕೆ ಮೊದಲ ತಾರೀಖು ಸಿಗುವುದಿಲ್ಲ, ಹಾಗಾಗಿ ಚಿತ್ರ, ಅಳತೆ ಎಲ್ಲ ಆಗಲೇ ಸೇರಿಸಿ.

ಒಂದು ಮಾತು. ಪಕ್ಕದ ಊರಿನ ಗೌಂಡಿ ನೋಡಿಕೊಂಡು ಇಂಥದೇ ಒಲೆ ಕಟ್ಟಿದರೆ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬೇಕಾದವರು ನೀವೇ. ಇಟ್ಟಿಗೆ ಕೆಲಸವನ್ನು ಕಾಯುವುದು ಕಷ್ಟ. ಎರಕದ ಜಾಲರಿ, ಗಾಳಿಕೊಳವೆಯಂಥ ಮಾರಬಹುದಾದ ಭಾಗದಲ್ಲಿ ಹೊಸತನವಿದ್ದರೆ ಅದರ ಮೇಲೇ ಹಕ್ಕು ಕೇಳಿ, ಫೌಂಡ್ರಿಯವರಿಗೆ ಪರವಾನಗಿ ಕೊಡಿ.