ಹೊಸ ಸ್ಪೀಕರ್ ಹಾಕಿದ ಮೇಲೆ ಬೇಸ್ ಮಾಯ: ಪ್ರತಿಕ್ರಿಯೆ

ಕಾರಿನ ಮುಂದಿನ ಎರಡೂ ಡೋರ್ ಸ್ಪೀಕರ್ ಬದಲಿಸಿದ ಮೇಲೆ ಸೌಂಡ್ ತೆಳ್ಳಗಾಗಿದೆ, ಯಾಕೆ ಅಂತ ಕೇಳಿದ್ದೀರಿ. ಹೀಗಾದರೆ ಹೆಚ್ಚಾಗಿ ಒಂದು ಕಡೆ ಪ್ಲಸ್ ಮೈನಸ್ ವೈರ್ ಅದಲುಬದಲಾಗಿರುತ್ತದೆ. ಒಂದು ಸ್ಪೀಕರಿನ ಕೋನ್ (ಅದುರುವ ಪರದೆ) ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ಬೇಸ್ (ಗುಂ ಅನ್ನುವ ತಗ್ಗು ದನಿ) ಅಲ್ಲೇ ಸತ್ತುಹೋಗುತ್ತದೆ.

ಸ್ಟೀರಿಯೊದಲ್ಲಿ ಫೇಡರ್ (ಸೌಂಡನ್ನು ಮುಂದೆ-ಹಿಂದೆ ಹಂಚುವ ಸೆಟ್ಟಿಂಗ್) ಪೂರ್ತಿ ಮುಂದಕ್ಕೆ ಇಡಿ. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿ ಕೇಳಿ, ಆಮೇಲೆ ಬಲಕ್ಕೆ. ಒಂದೊಂದೇ ಕೇಳಿದಾಗ ಬೇಸ್ ಬಂದು, ನಡುವೆ ತಂದ ಕೂಡಲೇ ಹೋದರೆ ಇದೇ ಕಾರಣ. ಸ್ಟೀರಿಯೊ ಆಫ್ ಮಾಡಿ, ಒಂದು ಡೋರ್ ಪ್ಯಾಡ್ ಬಿಚ್ಚಿ, ಆ ಸ್ಪೀಕರಿನ ಎರಡು ವೈರ್ ಅದಲುಬದಲು ಮಾಡಿ. ಒಂದಕ್ಕೆ ಮಾತ್ರ, ಎರಡೂ ಕಡೆ ಮಾಡಿದರೆ ಮತ್ತೆ ಅದೇ ಕಥೆ.

ಒಂಟಿಯಾಗಿಯೂ ಬೇಸ್ ಬರದಿದ್ದರೆ ಸ್ಟೀರಿಯೊ ಸೆಟ್ಟಿಂಗ್‌ನಲ್ಲಿ ತಗ್ಗು ದನಿ ತಡೆಯುವ ಹೈಪಾಸ್ ಫಿಲ್ಟರ್ (ಎಚ್‌ಪಿಎಫ್) ಆನ್ ಆಗಿರಬಹುದು, ಅಥವಾ ಸ್ಪೀಕರಿಗೂ ಡೋರಿನ ತಗಡಿಗೂ ನಡುವೆ ಸಂದು ಉಳಿದಿರಬಹುದು. ಗಾಡಿ ನೋಡದೆ ಯಾವುದು ಅಂತ ಹೇಳಲಾರೆ. ಮೊದಲು ಫಿಲ್ಟರ್ ಆಫ್ ಮಾಡಿ ನೋಡಿ, ಅದಕ್ಕೆ ಖರ್ಚಿಲ್ಲ ಅಲ್ವಾ. ಆಗದಿದ್ದರೆ ಸ್ಪೀಕರ್ ಸುತ್ತ ಫೋಮ್ ಟೇಪ್ ಅಂಟಿಸಿ ಬಿಗಿಯಾಗಿ ಕೂರಿಸಿ. ಸಂಡೂರು ರಸ್ತೆಯ ಕೆಂಪು ಧೂಳು ಒಳಗೆ ಹೋಗಿದೆಯಾ ಅಂತ ಕೇಳಿದ್ದೀರಿ. ಹೊಸ ಸ್ಪೀಕರಿನಲ್ಲಿ ಇಷ್ಟು ಬೇಗ ಅದು ಕಾರಣ ಇರಲಾರದು. ಇಷ್ಟು ನೋಡುವವರೆಗೆ ಸುಮ್ನೆ ಆಂಪ್ಲಿಫೈಯರ್‌ಗೆ ದುಡ್ಡು ಹಾಕಬೇಡಿ.