‘ಆಗಿ’ ಬಂದಲ್ಲೆಲ್ಲ ‘ಲಿ’ ಬರುವುದಿಲ್ಲ

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ‘ಶಿ ಸಿಂಗ್ಸ್ ಸ್ವೀಟ್ಲಿ’ ಎಂದು ಬರೆದದ್ದಕ್ಕೆ ಪೂರ್ತಿ ಅಂಕ ಬಂತು; ‘ದ ಮ್ಯಾಂಗೋ ಟೇಸ್ಟ್ಸ್ ಸ್ವೀಟ್ಲಿ’ ಎಂದದ್ದಕ್ಕೆ ಕೆಂಪು ಗೆರೆ ಬಿತ್ತು. ಎರಡರಲ್ಲೂ ಆ ಪದ ಕ್ರಿಯಾಪದದ ಪಕ್ಕದಲ್ಲೇ ಇದೆಯಲ್ಲವೆ?
— ಓದುಗರು, ಹಾವೇರಿ

ಉತ್ತರ: ಕೆಂಪು ಗೆರೆ ಸರಿಯಾಗಿಯೇ ಬಿದ್ದಿದೆ. ಆದರೆ ಈ ತಪ್ಪಿನ ಹಿಂದೆ ಇರುವುದು ನಿರ್ಲಕ್ಷ್ಯವಲ್ಲ, ಕನ್ನಡದ ರೂಢಿ. ನಾವು ‘ಮಧುರವಾಗಿ ಹಾಡಿದಳು’ ಎನ್ನುವಂತೆಯೇ ‘ಹಾಡು ಮಧುರವಾಗಿ ಕೇಳಿಸಿತು’ ಎಂದೂ ಹೇಳುತ್ತೇವೆ. ‘ಸುಂದರವಾಗಿ ಬರೆದಳು’, ‘ಸುಂದರವಾಗಿ ಕಾಣುತ್ತಾಳೆ’ ಎರಡಕ್ಕೂ ಅದೇ ‘ಆಗಿ’ ಸಾಕಾಗುತ್ತದೆ. ಇಂಗ್ಲಿಷ್ ಇಲ್ಲಿ ಭೇದವೆಣಿಸುತ್ತದೆ. ಹಾಡುವುದು ಒಂದು ಕೆಲಸವಾದ್ದರಿಂದ ಅದು ನಡೆದ ಬಗೆಯನ್ನು ತಿಳಿಸಲು ಕ್ರಿಯಾವಿಶೇಷಣ ಬೇಕು. ಮಾವಿನಹಣ್ಣಾದರೋ ಯಾವ ಕೆಲಸವನ್ನೂ ಮಾಡುತ್ತಿಲ್ಲ. ವಾಕ್ಯ ಹೇಳುತ್ತಿರುವುದು ಹಣ್ಣಿನ ಗುಣವನ್ನು, ಆದ್ದರಿಂದ ಅಲ್ಲಿ ‘ಸ್ವೀಟ್’ ಎಂಬ ಗುಣವಾಚಕವೇ ಇರಬೇಕು. ಲುಕ್, ಸ್ಮೆಲ್, ಸೌಂಡ್, ಫೀಲ್, ಸೀಮ್ ಎಂಬ ಕ್ರಿಯಾಪದಗಳಿಗೂ ಸಾಮಾನ್ಯವಾಗಿ ಇದೇ ನಿಯಮ ಅನ್ವಯಿಸುತ್ತದೆ.

ಸಂದೇಹ ಬಂದಾಗ ಕ್ರಿಯಾಪದವನ್ನು ತೆಗೆದು ಅಲ್ಲಿ ‘ಈಸ್’ ಇಟ್ಟು ನೋಡಲು ಮಗಳಿಗೆ ಹೇಳಿ. ‘ದ ಮ್ಯಾಂಗೋ ಈಸ್ ಸ್ವೀಟ್’ ಎಂಬ ವಾಕ್ಯ ನಿಲ್ಲುತ್ತದೆ. ಹಾಗೆ ನಿಂತರೆ ಗುಣವಾಚಕವೇ ಸರಿ. ಅದೇ ‘ಟೇಸ್ಟ್’ ಪದ ‘ರುಚಿ ನೋಡು’ ಎಂಬ ಕೆಲಸವನ್ನು ಸೂಚಿಸಿದಾಗ ಮಾತು ಬೇರೆ: ‘ಶಿ ಟೇಸ್ಟೆಡ್ ದ ಸಾಂಬಾರ್ ಕೇರ್‌ಫುಲಿ’. ಇಲ್ಲಿ ‘ಟೇಸ್ಟೆಡ್’ ತೆಗೆದು ‘ವಾಸ್’ ಇಟ್ಟರೆ ಅವಳೇ ಸಾಂಬಾರ್ ಆಗಿಬಿಡುತ್ತಾಳೆ! ಆದ್ದರಿಂದ ಕ್ರಿಯಾಪದಗಳ ಪಟ್ಟಿಯನ್ನು ಉರು ಹೊಡೆಸುವುದಕ್ಕಿಂತ ವಾಕ್ಯದಲ್ಲಿ ಕೆಲಸ ನಡೆಯುತ್ತಿದೆಯೇ ಎಂದು ಕೇಳಿಕೊಳ್ಳುವುದನ್ನು ಕಲಿಸುವುದೇ ಮೇಲು.

ಪ್ರಶ್ನೆ: ಕೆಲಸದ ಸಂದರ್ಶನಕ್ಕೆಂದು ‘ಐ ಹಾರ್ಡ್ಲಿ ವರ್ಕ್’ ಎಂದು ಬರೆದಿಟ್ಟುಕೊಂಡಿದ್ದೇನೆ. ಗೆಳೆಯರು ಬೇಡವೆನ್ನುತ್ತಿದ್ದಾರೆ.
— ಓದುಗರು, ತುಮಕೂರು

ಉತ್ತರ: ಗೆಳೆಯರ ಮಾತು ಕೇಳಿ. ನೀವು ಬರೆದಿರುವುದರ ಅರ್ಥ ‘ನಾನು ಕೆಲಸ ಮಾಡುವುದು ಇಲ್ಲವೆನ್ನುವಷ್ಟು ಕಡಿಮೆ’ ಎಂದಾಗುತ್ತದೆ. ಕಷ್ಟಪಟ್ಟು ದುಡಿಯುತ್ತೇನೆ ಎನ್ನಲು ‘ಐ ವರ್ಕ್ ಹಾರ್ಡ್’ ಎನ್ನಬೇಕು. ‘ಹಾರ್ಡ್’, ‘ಫಾಸ್ಟ್’ ಪದಗಳು ರೂಪ ಬದಲಿಸದೆಯೇ ಕ್ರಿಯಾವಿಶೇಷಣಗಳಾಗುತ್ತವೆ. ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ಇನ್ನು ‘ಫ್ರೆಂಡ್ಲಿ’ಯ ಕೊನೆಯಲ್ಲಿ ‘ಲಿ’ ಇದ್ದರೂ ಅದು ಗುಣವಾಚಕ.

ಪ್ರಶ್ನೆ: ‘ಪ್ಲೀಸ್ ಸೆಂಡ್ ಇಮೀಡಿಯೆಟ್ಲಿ ದ ಫೈಲ್’ ಎಂದು ನಾನು ಬರೆದ ಪತ್ರವನ್ನು ಮೇಲಧಿಕಾರಿಗಳು ತಿದ್ದಿದರು. ಕ್ರಿಯಾವಿಶೇಷಣ ಕ್ರಿಯಾಪದದ ಹತ್ತಿರವೇ ಇರಬೇಕಲ್ಲವೆ?
— ಓದುಗರು, ಶಿವಮೊಗ್ಗ

ಉತ್ತರ: ಹತ್ತಿರವಿರಬಹುದು, ಆದರೆ ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ನುಗ್ಗಬಾರದು. ‘ಕಡತವನ್ನು ಕೂಡಲೇ ಕಳುಹಿಸಿ’, ‘ಕೂಡಲೇ ಕಡತವನ್ನು ಕಳುಹಿಸಿ’ ಎಂದು ಹೇಗೆ ಹೇಳಿದರೂ ಕನ್ನಡದಲ್ಲಿ ನಡೆಯುತ್ತದೆ, ಏಕೆಂದರೆ ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯವು ಕರ್ಮ ಯಾವುದೆಂದು ಎಲ್ಲಿದ್ದರೂ ತೋರಿಸಿಕೊಡುತ್ತದೆ. ಇಂಗ್ಲಿಷಿನ ನಾಮಪದಗಳಿಗೆ ಅಂಥ ಪ್ರತ್ಯಯವಿಲ್ಲದ ಕಾರಣ, ಆ ಕೆಲಸವನ್ನು ಪದದ ಸ್ಥಾನವೇ ಮಾಡಬೇಕಾಗುತ್ತದೆ. ‘ಪ್ಲೀಸ್ ಸೆಂಡ್ ದ ಫೈಲ್ ಇಮೀಡಿಯೆಟ್ಲಿ’ ಎಂದು ಬರೆಯಿರಿ. ಕರ್ಮವು ಒಂದೆರಡು ಸಾಲಿನಷ್ಟು ಉದ್ದವಾಗಿದ್ದರೆ ಮಾತ್ರ ಈ ಕಟ್ಟುಪಾಡು ಸಡಿಲವಾಗುತ್ತದೆ.

ಹಲವು ಕ್ರಿಯಾವಿಶೇಷಣಗಳು ಒಟ್ಟಿಗೆ ಬಂದಾಗ ಎರಡು ಭಾಷೆಗಳ ಸಹಜ ಕ್ರಮ ತಿರುಗುಮುರುಗಾಗುತ್ತದೆ. ‘ನಿನ್ನೆ ಧಾರವಾಡದಲ್ಲಿ ಚೆನ್ನಾಗಿ ಹಾಡಿದಳು’ ಎಂಬುದು ಇಂಗ್ಲಿಷಿನಲ್ಲಿ ‘ಶಿ ಸ್ಯಾಂಗ್ ವೆಲ್ ಇನ್ ಧಾರವಾಡ್ ಯೆಸ್ಟರ್‌ಡೇ’ ಎಂದಾಗುತ್ತದೆ: ಮೊದಲು ರೀತಿ, ಆಮೇಲೆ ಸ್ಥಳ, ಕೊನೆಗೆ ಕಾಲ. ಕಾಲಕ್ಕೆ ಒತ್ತು ಬೇಕಿದ್ದರೆ ‘ಯೆಸ್ಟರ್‌ಡೇ’ಯನ್ನು ವಾಕ್ಯದ ಮೊದಲಿಗೆ ತರಬಹುದು, ‘ವೆಲ್’ ಪದಕ್ಕೆ ಆ ಸ್ವಾತಂತ್ರ್ಯವಿಲ್ಲ. ‘ಆಲ್ವೇಸ್’, ‘ನೆವರ್’ನಂಥವು ಸಾಮಾನ್ಯವಾಗಿ ಮುಖ್ಯ ಕ್ರಿಯಾಪದಕ್ಕಿಂತ ಮೊದಲು ನಿಲ್ಲುತ್ತವೆ: ‘ಹಿ ಆಲ್ವೇಸ್ ಕಮ್ಸ್ ಲೇಟ್’. ಅಲ್ಲಿರುವುದು ‘ಈಸ್’ ಆದರೆ ಅದರ ನಂತರ ಬರುತ್ತವೆ: ‘ಹಿ ಈಸ್ ಆಲ್ವೇಸ್ ಲೇಟ್’.